ತಪ್ಪದೆ ಬಂದ ರೋಗಿಗಳು

ಏಪ್ರಿಲ್ 9, ಮಂಗಳವಾರ

ಚಿ. ಚೂಟಿಗೆ, ಮಾವನ ಆಶೀರ್ವಾದಗಳು.

ಮೊದಲು ತಪ್ಪೊಪ್ಪಿಗೆ. ನಾನು, ವೃತ್ತಿಯಿಂದ ಹಲ್ಲಿನ ಡಾಕ್ಟರ್, ವಯಸ್ಸು ಐವತ್ತರ ಆಚೆ, ಯಾರ ಒತ್ತಾಯವೂ ಇಲ್ಲದೆ ಸ್ವಸ್ಥಚಿತ್ತದಿಂದ ಈ ಕೆಳಕಂಡ ಅಪರಾಧವನ್ನು ಎಸಗಿರುತ್ತೇನೆ: ನಿನ್ನಮ್ಮ ನಿನಗೆಂದು ಕೊಟ್ಟಿದ್ದ ಚಾಕಲೇಟ್ ಡಬ್ಬಿಯನ್ನು, ನೀನು ಸ್ಟೇಷನ್ನಿನ ನಲ್ಲಿಯಲ್ಲಿ ನೀರು ತುಂಬಿಸಿಕೊಳ್ಳಲು ಹೋದಾಗ, ಅರ್ಧ ಖಾಲಿ ಮಾಡಿದೆ. ಊರಿಗೆಲ್ಲ 'ಸಿಹಿ ಮುಟ್ಟಬೇಡಿ' ಎಂದು ಹೇಳುವ ಬಾಯಿಯೇ ಅದು. ಆದರೆ ಉಪದೇಶವೆಲ್ಲ ಹೊರಗೆ ಹೋದಮೇಲೆ ಬಾಯಲ್ಲಿ ಒಂದು ತೂತು ಉಳಿಯುತ್ತದಲ್ಲ; ತೂತು ತುಂಬುವುದು ನನ್ನ ಕಸುಬು. ಶಿಕ್ಷೆ ನೀನೇ ಕೊಡು. ನಿನ್ನಮ್ಮನ ಕೋರ್ಟಿಗೆ ಮಾತ್ರ ಕೇಸು ಒಯ್ಯಬೇಡ, ಅಲ್ಲಿ ನನಗೆ ಜಾಮೀನು ಸಿಗುವುದಿಲ್ಲ.

ಜಾಮೀನು ಎಂದಾಗ ನೆನಪಾಯಿತು. ಹೈಸ್ಕೂಲು ಹುಡುಗಿಯನ್ನು ಸಾಫ್ಟ್‌ವೇರ್ ಕಂಪನಿಗೆ ಇಂಟರ್ನ್‌ಶಿಪ್ಪಿಗೆ ಕಳಿಸುವುದೆಂದರೆ ಏನು ಹುಡುಗಾಟವೇ ಎಂದು ನಿನ್ನಮ್ಮ ಎಗರಾಡಿದಾಗ, 'ಇವಳಿಗೆ ನಾನು ಜಾಮೀನು' ಎಂದವನು ನಾನು. ಕರಾರು ನಿನಗೆ ಗೊತ್ತೇ ಇದೆ: ಕೊನೆಯ ದಿನದ ಪ್ರದರ್ಶನದಲ್ಲಿ ನೀನು ಪಾಸಾದರೆ ಮುಂದೆ ಕಂಪ್ಯೂಟರ್ ಓದು. ಇಲ್ಲದಿದ್ದರೆ ನಿನ್ನಪ್ಪನ ಹಾದಿಯಲ್ಲಿ ಅಕೌಂಟ್ಸ್ ಕ್ಲಾಸು. ರೈಲು ಹೊರಟಮೇಲೂ ಅವಳು, "ಅಣ್ಣಾ, ನೀನು ಮಾತಲ್ಲಿ ಮರುಳು ಮಾಡ್ತೀಯ, ಆಮೇಲೆ ಅನುಭವಿಸೋರು ನಾವು" ಎಂದಳು.

ಹಾಸ್ಟೆಲಿನ ವಾರ್ಡನ್ನಮ್ಮ ಫೋನ್ ಕಿತ್ತಿಟ್ಟುಕೊಂಡು ಭಾನುವಾರ ಮಾತ್ರ ಕೊಡುತ್ತಾರಂತೆ; ಅದು ಅಮ್ಮನ ಪಾಲು. ನನಗೆ ಆಫೀಸಿನಿಂದ ಮೇಲ್ ಬರಿ.

ಇಂಟರ್ನ್ ಎಂದರೆ 'ಇನ್ನೂ ಟರ್ನ್ ಬಾರದವರು' ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಸರಿಯೇ?

ನಿನ್ನ ಮಾವ


ಏಪ್ರಿಲ್ 12, ಶುಕ್ರವಾರ

ಮಾವ,

ಚಾಕಲೇಟ್ ಕಳ್ಳತನ ಆಗಲೇ ಗೊತ್ತಾಗಿತ್ತು. ನಿಮ್ಮ ಮೀಸೆಯಲ್ಲೇ ಸಾಕ್ಷಿ ಇತ್ತು.

ಇಲ್ಲಿ ಕುರ್ಚಿಗಳಿಗೆಲ್ಲ ಚಕ್ರ. ಮೊದಲ ದಿನ ನಾನು ಕೂತು ಮೇಜಿಗೆ ಕೈಯಿಟ್ಟರೆ ಕುರ್ಚಿ ಹಿಂದೆ ಹೋಗಿ ಗೋಡೆಗೆ ಬಡಿಯಿತು. ಎಲ್ಲರೂ ನಕ್ಕರು. ಎಲ್ಲರಿಗೂ ನನಗಿಂತ ಜಾಸ್ತಿ ಗೊತ್ತು ಮಾವ. ಪಕ್ಕದ ಸೀಟಿನವನು ಏಳನೇ ಕ್ಲಾಸಲ್ಲೇ ಗೇಮ್ ಬರೆದಿದ್ದನಂತೆ. ದಿನಕ್ಕೆ ನಾಲ್ಕು ಸಲ ಹೇಳ್ತಾನೆ. ನಾನು ಏಳನೇ ಕ್ಲಾಸಲ್ಲಿ ಏನು ಮಾಡ್ತಿದ್ದೆ? ನಿಮ್ಮ ಕ್ಲಿನಿಕ್ಕಿನಲ್ಲಿ ಪ್ಲಾಸ್ಟರ್ ದವಡೆಗೆ ಕನ್ನಡಕ ಹಾಕ್ತಿದ್ದೆ.

ನಮ್ಮ ಟೀಮ್ ಲೀಡ್ ಮೇಡಂಗೆ ನಾವಿಟ್ಟ ಹೆಸರು ಸ್ಪೀಡ್‌ಬ್ರೇಕರ್. ಏನು ಹೇಳಿದರೂ "ಯಾಕೆ?" ಅಂತಾರೆ. ಉತ್ತರ ಕೊಟ್ಟರೆ ಅದಕ್ಕೂ "ಯಾಕೆ?" ಮೂರನೇ 'ಯಾಕೆ'ಗೆ ನಮಗೆ ಅಳು ಬರುತ್ತೆ. ಪ್ರತಿಯೊಬ್ಬರೂ ಒಂದು ಪ್ರೋಗ್ರಾಂ ಮಾಡಬೇಕು, ಅದನ್ನ ಯಾರಾದರೂ ನಿಜವಾಗಿ ಬಳಸಬೇಕು ಅನ್ನೋದು ಅವರ ರೂಲು. "ಮನೆಯವರು ಹೊಗಳಿದರೆ ಲೆಕ್ಕಕ್ಕಿಲ್ಲ. ಯಾರಾದರೂ ಬಳಸಿ ಬೈಬೇಕು" ಅಂದರು.

ನೀವು ಯಾವಾಗಲೂ ಕ್ಲಿನಿಕ್ಕಿನ ರಶ್ಶಿನ ಬಗ್ಗೆ ಹೇಳ್ತೀರಲ್ಲ. ಅಪಾಯಿಂಟ್‌ಮೆಂಟ್ ಕೊಡೋ ಪ್ರೋಗ್ರಾಂ ಮಾಡಲಾ? 'ಸರದಿ' ಅಂತ ಹೆಸರು. ಬೇಗ ಹೇಳಿ. ಬೇರೆಯವರೆಲ್ಲ ಶುರು ಮಾಡಿಬಿಟ್ಟಿದ್ದಾರೆ. ಕೈಕಾಲು ಆಡ್ತಿಲ್ಲ.

ಚೂಟಿ


ಏಪ್ರಿಲ್ 13, ಶನಿವಾರ

ಚೂಟಿ,

ಮಾಡಲಾ ಎಂದು ಕೇಳುತ್ತೀಯಲ್ಲ! ಬಾಯಾರಿದವನನ್ನು ನೀರು ಬೇಕೇ ಎಂದು ಕೇಳಿದಂತೆ.

ನನ್ನ ಕ್ಲಿನಿಕ್ಕಿನ ಸ್ಥಿತಿ ನಿನಗೆ ಹೇಗೆ ವರ್ಣಿಸಲಿ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬೆಂಚು ತುಂಬಿರುತ್ತದೆ. ಕೂತವರ ಮೊಣಕಾಲಿಗೆ ನಿಂತವರ ಮೊಣಕೈ. 'ನಾನು ಮೊದಲು ಬಂದೆ', 'ನನ್ನ ಹಲ್ಲು ಮೊದಲು ನೋಯಲು ಶುರುವಾಯಿತು' ಎಂಬ ವಾಗ್ವಾದ. ಕೌಂಟರಿನ ಸಿಸ್ಟರ್ ಪಾಪ, ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ತಲೆ ಹಿಡಿದು ಕೂತಿರುತ್ತಾರೆ. ಇದಕ್ಕೊಂದು ಸರದಿ ಬೇಕೇ ಬೇಕು.

ಒಂದು ಮಾತು. ಬೇರೆ ಹಲ್ಲಿನ ಡಾಕ್ಟರುಗಳ ರೋಗಿಗಳು ಹೆದರಿ ಓಡಿಹೋಗುತ್ತಾರಂತೆ. ನನ್ನ ಬಳಿ ಅದಿಲ್ಲ. ಹಲ್ಲಿನ ಡ್ರಿಲ್ಲಿಗೆ ಹೆದರುವುದು ಮೂಢನಂಬಿಕೆ ಎಂದು ನಾನು ಎಲ್ಲರಿಗೂ ತಿಳಿಹೇಳುತ್ತೇನೆ. ಯಾವ ಡಾಕ್ಟರ ಮುಂದೆ ಕೂರಿಸಿದರೂ ನಾನಂತೂ ನಗುನಗುತ್ತಾ ಬಾಯಿ ತೆರೆಯುವವನು.

ನಿನಗೂ ಬೈಟ್, ನನಗೂ ಬೈಟ್. ನೀನು ಕೋಡಿನ ಹುಳುಕು ಹುಡುಕುವವಳು, ನಾನು ಹಲ್ಲಿನ ಹುಳುಕು ಹುಡುಕುವವನು. ನಮ್ಮಿಬ್ಬರ ಜೋಡಿ ಸೋಲುವುದೇ? ಏಳನೇ ಕ್ಲಾಸಿನ ಗೇಮಿನವನಿಗೆ ಕೋಡ್ ಬರೆದು ಬರೆದು ತಲೆಯ ಮೇಲೆ ಕೋಡು ಮೂಡಿದೆ, ಬಿಡು.

ಮಾವ


ಏಪ್ರಿಲ್ 19, ಶುಕ್ರವಾರ

ಮಾವ,

ಲಿಂಕ್ ಕಳಿಸಿದ್ದೀನಿ. ಕೌಂಟರಿನ ಕಂಪ್ಯೂಟರಲ್ಲಿ ತೆಗೆಯಿರಿ. ರೋಗಿಗಳ ಹೆಸರು ಹಾಕಬೇಡಿ, ನಂಬರು ಸಾಕು. ಬೇರೆಯವರ ಕಾಯಿಲೆ ನಾವು ಓದಬಾರದು ಅಂತ ಮೇಡಂ ಹೇಳಿದ್ದಾರೆ. ಸಮಯ ಆದಮೇಲೆ ಸಿಸ್ಟರ್ ಮೂರರಲ್ಲಿ ಒಂದು ಬಟನ್ ಒತ್ತಬೇಕು: ಬಂದರು, ತಡವಾಗಿ ಬಂದರು, ಬರಲಿಲ್ಲ. ಅಷ್ಟೇ. ಎರಡು ವಾರದಲ್ಲಿ ಪ್ರೋಗ್ರಾಂ ತಾನೇ ಕಲಿತು, ಯಾರು ತಪ್ಪಿಸೋ ಹಾಗಿದೆ ಅಂತ ಊಹಿಸಿ, ಆ ಹೊತ್ತನ್ನ ಕಾಯ್ತಾ ಇರೋ ಇನ್ನೊಬ್ಬರಿಗೆ ಕೊಡುತ್ತೆ. ಅದೇ ಇದರ ಜೀವ.

ಕೆಲಸ ಮಾಡುತ್ತಾ ಅಂತ ತಕ್ಷಣ ತಿಳಿಸಿ. ಊಟ ಮಾಡುವಾಗಲೂ ಅದೇ ಯೋಚನೆ. ಇವತ್ತು ಚಮಚ ಬಿಟ್ಟು ಪೆನ್ ತಟ್ಟೆಗೆ ಹಾಕಿದೆ.

ಸಿಸ್ಟರ್‌ಗೆ ಬೈಯೋಕೆ ಹೇಳಿ. ಬೈದರೆ ಒಳ್ಳೇದು.

ಚೂಟಿ


ಏಪ್ರಿಲ್ 24, ಬುಧವಾರ

ಚೂಟಿ,

ಭೇಷ್! ಸರದಿ ಓಡುತ್ತಿದೆ ಎನ್ನಲೇ, ಹಾರುತ್ತಿದೆ ಎನ್ನಲೇ? ವಾಗ್ವಾದವಿಲ್ಲ, ನೂಕುನುಗ್ಗಲಿಲ್ಲ, ಕ್ಲಿನಿಕ್ಕಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಶಾಂತಿ. ಸಿಸ್ಟರ್‌ಗೆ ಎಷ್ಟು ಬಿಡುವು ಸಿಕ್ಕಿದೆಯೆಂದರೆ, ಮೊಮ್ಮಗನಿಗೆ ಒಂದು ಸ್ವೆಟರ್ ಹೆಣೆದು ಮುಗಿಸಿ ಎರಡನೆಯದಕ್ಕೆ ಕೈಹಾಕಿದ್ದಾರೆ. ಬೈಯಿರಿ ಎಂದೆ. "ಆ ಮಗೂಗ್ಯಾಕೆ ಬೈಯಲಿ, ಬೈಯೋದಾದರೆ ಬೇರೆಯವರಿದ್ದಾರೆ" ಎಂದು ನನ್ನನ್ನೇ ನೋಡಿದರು. ಒಗಟಿನ ಹೆಂಗಸು.

ನಿನ್ನಮ್ಮನಿಗೂ ಹೇಳಿದೆ: ನಿನ್ನ ಮಗಳ ಪ್ರೋಗ್ರಾಂ ನನ್ನ ಕ್ಲಿನಿಕ್ಕನ್ನೇ ನಡೆಸುತ್ತಿದೆ ಎಂದು. "ಹಾಗಾದರೆ ನೀನೇನು ಮಾಡ್ತಿದ್ದೀಯ?" ಎಂದಳು. ತಂಗಿಯರು ಹೀಗೇ.

ಮಾವ


ಏಪ್ರಿಲ್ 26, ಶುಕ್ರವಾರ

ಮಾವ ಮಾವ ಮಾವ,

ಇಡೀ ಟೀಮಿನಲ್ಲಿ ನಿಜವಾದ ಬಳಕೆದಾರರು ಸಿಕ್ಕಿರೋದು ನನಗೆ ಮಾತ್ರ! ಗೇಮಿನವನ ಪ್ರೋಗ್ರಾಮನ್ನ ಅವನ ಅಜ್ಜಿ ಮಾತ್ರ ಬಳಸ್ತಿದ್ದಾರಂತೆ. ಸೋಮವಾರ ಮೇಡಂ ನನ್ನ ದಾಖಲೆ ನೋಡ್ತಾರೆ. ನೀವು ಇಲ್ಲದಿದ್ದರೆ ನಾನು ಏನಾಗ್ತಿದ್ದೆ?

ಚೂಟಿ


ಏಪ್ರಿಲ್ 29, ಸೋಮವಾರ

ಮಾವ,

ಏನೋ ತಪ್ಪಾಗಿದೆ.

ಮೇಡಂ ಸ್ಕ್ರೀನ್ ಮೇಲೆ ಬೆರಳಿಟ್ಟು ಕೆಳಗಿನತನಕ ಇಳಿಸಿದರು. ಎಲ್ಲಾ ಸಾಲಲ್ಲೂ 'ಬಂದರು'. ಒಬ್ಬರೂ ತಡ ಇಲ್ಲ, ಒಬ್ಬರೂ ತಪ್ಪಿಸಿಲ್ಲ. "ಹಲ್ಲಿನ ಡಾಕ್ಟರ ಹತ್ತಿರ ಎಲ್ಲರೂ ಹೇಳಿದ ಹೊತ್ತಿಗೆ ಬರ್ತಾರಾ? ಯಾಕೆ? ನಾನೇ ಈ ವರ್ಷ ಎರಡು ಸಲ ತಪ್ಪಿಸ್ಕೊಂಡಿದ್ದೀನಿ" ಅಂದರು. ಪಕ್ಕದವನು ಕಿಸಕ್ಕಂದ.

ನಿಮ್ಮ ರೋಗಿಗಳು ಹೆದರಲ್ಲ, ನಿಜ. ಆದರೂ ಮಾವ, ಒಬ್ಬರಿಗಾದರೂ ಬಸ್ ತಪ್ಪಲ್ವಾ? ನನಗನಿಸುತ್ತೆ, 'ಬರಲಿಲ್ಲ' ಬಟನ್ ಒತ್ತಿದರೂ ಅದು 'ಬಂದರು' ಅಂತಲೇ ಉಳಿಯುತ್ತಿದೆ. ನನ್ನದೇ ತಪ್ಪು. ಇನ್ನೂ ಒಂದು: ಎಲ್ಲಾ ದಾಖಲೆಗಳೂ ಮಧ್ಯಾಹ್ನ ಒಟ್ಟಿಗೆ, ಒಂದರ ಹಿಂದೆ ಒಂದು ಬಿದ್ದಿವೆ. ಇಂಟರ್ನೆಟ್ ಹೋಗಿ, ಬಂದಾಗ ಒಟ್ಟಿಗೆ ಸೇರ್ತಿದೆಯೋ ಏನೋ. ಎರಡು ತಪ್ಪು.

ಅಲ್ಲಿ ನಿಜವಾಗಿ ಎಷ್ಟು ಜನ ತಪ್ಪಿಸಿದರು? ಸಿಸ್ಟರ್‌ನ ಕೇಳಿ ಇವತ್ತೇ ಬರೀರಿ.

ಚೂಟಿ


ಏಪ್ರಿಲ್ 30, ಮಂಗಳವಾರ

ಚೂಟಿ,

ಗಾಬರಿಯಾಗಬೇಡ. ಎಂಥೆಂಥ ಘಟಾನುಘಟಿಗಳ ಕೋಡಿನಲ್ಲೂ ಹುಳುಕಿರುತ್ತದಂತೆ. ಕೆಲವರು ತಪ್ಪಿಸಿರಬಹುದು, ಸಿಸ್ಟರ್ ಹೆಣಿಗೆಯ ಭರದಲ್ಲಿ ಬಟನ್ ಅದಲುಬದಲು ಮಾಡಿರಬಹುದು. ನಾಳೆಯಿಂದ ನಾನೇ ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತೇನೆ. ಎಲ್ಲ ಸರಿಹೋಗುತ್ತದೆ, ನೋಡುತ್ತಿರು.

ಇವತ್ತು ರಶ್ಶು. ಇಷ್ಟೇ.

ಮಾವ


ಮೇ 3, ಶುಕ್ರವಾರ

ಮಾವ,

ಬಟನ್ನಿನ ಕೋಡನ್ನೆಲ್ಲ ಕಿತ್ತು ಹೊಸದಾಗಿ ಬರೆದೆ. ಈಗ 'ಬರಲಿಲ್ಲ' ಬರ್ತಿದೆ. ಕುಣಿದುಬಿಟ್ಟೆ. ಮೇಡಂ ಬಂದು ನೋಡಿದರು. ಎಣಿಸಿದರು. ಬಂದರು, ಬಂದರು, ಬರಲಿಲ್ಲ. ಬಂದರು, ಬಂದರು, ಬರಲಿಲ್ಲ. ಮೂರು ದಿನವೂ ಹಾಗೇ, ಒಂದೂ ತಪ್ಪದೆ ಪ್ರತಿ ಮೂರನೆಯವರು ಗೈರು.

"ಇವರು ರೋಗಿಗಳಲ್ಲ, ಲೂಪ್" ಅಂದರು ಮೇಡಂ. ಅಂದರೆ, ಕೋಡಿನಲ್ಲಿ ಏನೋ ಒಂದು ಮೂರರತನಕ ಎಣಿಸಿ ಮತ್ತೆ ಒಂದರಿಂದ ಶುರು ಮಾಡ್ತಿದೆ ಅಂತ. ನಾನು ಎಲ್ಲೂ ಮೂರು ಅಂತ ಬರೆದೇ ಇಲ್ಲ ಮಾವ! ಬರೆದಿರೋ ಪ್ರತಿ ಸಾಲನ್ನೂ ಬೆರಳಿಟ್ಟು ಓದ್ತಿದ್ದೀನಿ. ಓದ್ತಾ ಓದ್ತಾ ನಾನೇ ಬರೆದದ್ದು ಬೇರೆ ಯಾರೋ ಬರೆದ ಹಾಗೆ ಕಾಣ್ತಿದೆ.

ಮುಂದಿನ ಶುಕ್ರವಾರ ಪ್ರದರ್ಶನ.

ಚೂಟಿ


ಮೇ 4, ಶನಿವಾರ

ಮಾವ, ಮೇಲ್ ನೋಡಿದ್ರಾ?


ಮೇ 5, ಭಾನುವಾರ

ಅಮ್ಮನ ಜೊತೆ ಮಾತಾಡಿದೆ. "ಹೇಗಿದೆ?" ಅಂದರು. "ಚೆನ್ನಾಗಿದೆ" ಅಂದೆ. ನಿಮ್ಮ ಬಗ್ಗೆ ಕೇಳಿದೆ. ಕ್ಲಿನಿಕ್ಕಿನಲ್ಲೇ ಇರ್ತಾನೆ, ಮನೆಗೆ ಬಂದರೂ ಮಾತಿಲ್ಲ ಅಂದರು. ತುಂಬಾ ರಶ್ಶಾ?


ಮೇ 6, ಸೋಮವಾರ

ಚೂಟಿ,

ಕ್ಷಮಿಸು, ತಡವಾಯಿತು. ಹೌದು, ರಶ್ಶು.

ನನ್ನ ಮಾತು ಕೇಳು: ಆ ಮೂರರ ಕತೆಯನ್ನು ಅಷ್ಟು ಕೆದಕಬೇಡ. ಹಲ್ಲನ್ನು ನಾಲಿಗೆಯಿಂದ ತಡವಿದಷ್ಟೂ ತೂತು ದೊಡ್ಡದೆನಿಸುತ್ತದೆ. ಪ್ರದರ್ಶನದ ದಿನ ಬಟನ್ ಒತ್ತಿ ತೋರಿಸು, ಬಣ್ಣ ಚೆನ್ನಾಗಿದೆ, ಅಕ್ಷರ ದುಂಡಗಿದೆ. ಯಾರು ಅಷ್ಟೆಲ್ಲ ಎಣಿಸುತ್ತಾರೆ? ನಾಳೆಯಿಂದ ರೋಗಿಗಳು ಇನ್ನೂ ಸಹಜವಾಗಿ ಬರುತ್ತಾರೆ ಎಂದು ನನಗೆ ಖಾತ್ರಿಯಿದೆ.

ಚೆನ್ನಾಗಿ ನಿದ್ದೆ ಮಾಡು.

ಮಾವ


ಮೇ 7, ಮಂಗಳವಾರ

ಮಾವ,

'ಸಹಜವಾಗಿ ಬರುತ್ತಾರೆ' ಅಂದರೆ ಏನು ಅಂತ ನನಗೆ ಗೊತ್ತಾಗಲಿಲ್ಲ. ನನಗೆ ಈಗ ಏನೂ ಗೊತ್ತಾಗ್ತಿಲ್ಲ.

ಇವತ್ತು ಮೇಡಂ ಹತ್ತಿರ ಹೋಗಿ, ಪ್ರದರ್ಶನದಿಂದ ನನ್ನ ಹೆಸರು ತೆಗೀರಿ ಅಂತ ಹೇಳಿದೆ. ಅವರು "ಯಾಕೆ?" ಅಂದರು. "ತಪ್ಪು ಎಲ್ಲಿದೆ ಅಂತ ಸಿಗ್ತಿಲ್ಲ" ಅಂದೆ. "ಯಾಕೆ?" ಅಂದರು. "ಒಂದೋ ಮಾಹಿತಿ ತಪ್ಪಿರಬೇಕು, ಇಲ್ಲಾ ನಾನು ತಪ್ಪಿರಬೇಕು. ಮಾಹಿತಿ ನಮ್ಮ ಮಾವ ಕೊಟ್ಟದ್ದು. ಹಾಗಾಗಿ ನಾನೇ" ಅಂದೆ. ಈ ಸಲ ಅವರು ಮೂರನೇ 'ಯಾಕೆ' ಕೇಳಲಿಲ್ಲ. ಗುರುವಾರ ಸಂಜೆಯ ತನಕ ಟೈಮ್ ಇದೆ ಅಂದರು.

ನನಗೆ ಬೇಡ ಮಾವ. ಇಲ್ಲದ ಕಡೆ ಹುಡುಕಿ ಹುಡುಕಿ ಸಾಕಾಯ್ತು. ಅಕೌಂಟ್ಸ್ ಕ್ಲಾಸಿಗೆ ಸೇರ್ತೀನಿ. ಅಪ್ಪ ಸೇರಲಿಲ್ವಾ, ಅವರೇನು ಸತ್ತು ಹೋದರಾ. ನಿಮ್ಮ ಜಾಮೀನು ಹೋಯಿತು, ಅದಕ್ಕೆ ಬೇಜಾರು. ಅಮ್ಮನಿಗೆ ನೀವೇ ಹೇಳಿ, ನೀವು ಹೇಳಿದರೆ ತಮಾಷೆಯಾಗಿ ಇರುತ್ತೆ.

ಚೂಟಿ


ಮೇ 8, ಬುಧವಾರ

ಚೂಟಿ,

ಈ ಪತ್ರದಲ್ಲಿ ಶ್ಲೇಷೆ ಕಮ್ಮಿ. ಓದಿ ಮುಗಿಸುವವರೆಗೆ ಎದ್ದು ಹೋಗಬೇಡ. ನಿನ್ನ ಕೋಡಿನಲ್ಲಿ ತಪ್ಪಿಲ್ಲ. ಮೊದಲ ದಿನದಿಂದಲೂ ಇರಲಿಲ್ಲ. ನೀನು ಹಾಕಿದ ಬಟನ್ ಒತ್ತಿದ್ದನ್ನೇ ಬರೆದುಕೊಳ್ಳುತ್ತಿತ್ತು. ಒತ್ತುತ್ತಿದ್ದವನು ನಾನು.

ಎದುರುಗಡೆ ಹೊಸ ಕ್ಲಿನಿಕ್ ಬಂದು ಒಂದು ವರ್ಷವಾಯಿತು. ಗಾಜಿನ ಬಾಗಿಲು, ಒಳಗೆ ಮೀನಿನ ತೊಟ್ಟಿ, ಬಂದವರಿಗೆಲ್ಲ ಕಾಫಿ ಕೊಡುವ ಮಷೀನು. ಅಲ್ಲಿಂದೀಚೆಗೆ ನನ್ನ ಬೆಂಚಿನ ಮೇಲೆ ಫ್ಯಾನಿನ ಗಾಳಿ ಮಾತ್ರ ಕೂರುತ್ತದೆ. ವಾರಕ್ಕೆ ಇಬ್ಬರೋ ಮೂವರೋ ಬರುತ್ತಾರೆ; ಈ ವಾರ ಅವರೂ ಇಲ್ಲ. ಹೋದ ವಾರ ಬಂದವರಲ್ಲಿ ಒಬ್ಬರು, ಎದುರಿನ ಕ್ಲಿನಿಕ್ಕಿನ ಬಾಗಿಲು ಎಳೆಯಬೇಕೋ ನೂಕಬೇಕೋ ಎಂದು ಕೇಳಲು ಬಂದಿದ್ದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಹೋಗುತ್ತೇನೆ, 'ಅಬ್ಬಾ ರಶ್ಶು' ಎನ್ನುತ್ತಾ ಬರುತ್ತೇನೆ. ನೀನು ಸರದಿ ಮಾಡಲಾ ಎಂದಾಗ, ನನಗೆ ಸರದಿಯೇ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಊರಿನವರ ಬಾಯಿ ತೆರೆಸುವವನು ನಾನು.

ನಿನ್ನ ಪ್ರೋಗ್ರಾಂ ಬಂದ ದಿನ ಸಿಸ್ಟರ್ ಕೇಳಿದರು, "ಡಾಕ್ಟ್ರೇ, ಅಪಾಯಿಂಟ್‌ಮೆಂಟ್ ಯಾರಿಗೆ?"

"ಬರುವವರಿಗೆ."

"ಯಾರು ಬರೋದು?"

"ಅದನ್ನ ಪ್ರೋಗ್ರಾಮೇ ಊಹಿಸುತ್ತಂತೆ."

"ಹಾಗಾದರೆ ಪಾಪ ಅದಕ್ಕೂ ಕೆಲಸ ಇಲ್ಲ" ಎಂದು ಸೂಜಿ ಎತ್ತಿಕೊಂಡರು. ಅವತ್ತಿನಿಂದ ಊಟವಾದ ಮೇಲೆ ನಾನು ಕೂತು ರೋಗಿಗಳನ್ನು ಸೃಷ್ಟಿಸತೊಡಗಿದೆ. ನಂಬರ್ ಹದಿನಾಲ್ಕು ಒಬ್ಬ ಮುಂಗೋಪಿ ಹೆಡ್‌ಮಾಸ್ಟರ್, ಕೋರೆಹಲ್ಲು ನೋವು. ನಂಬರ್ ಇಪ್ಪತ್ತು ಹೊಸ ಮದುಮಗಳು, ಮುಂದಿನ ಹಲ್ಲು ನೇರವಾಗಬೇಕು. ಅವರ ಜೊತೆ ಒಂದೆರಡು ಮಾತು ಆಡುತ್ತಿದ್ದೆ ಎಂದರೆ ನಗಬೇಡ. ಎಲ್ಲರೂ ಹೇಳಿದ ಹೊತ್ತಿಗೆ ಬರುತ್ತಿದ್ದರು. ವರ್ಷವಿಡೀ ಖಾಲಿ ಕೂತಮೇಲೆ ಕಲ್ಪಿಸಿಕೊಂಡ ರೋಗಿಗಳಮ್ಮಾ, ಅವರನ್ನೂ ಬರಲಿಲ್ಲ ಎಂದು ಬರೆಯಲು ನನಗೆ ಕೈ ಬರಲಿಲ್ಲ.

ನೀನು ಸಂಶಯಪಟ್ಟಾಗ ಹೆದರಿದೆ. ಒಂದಷ್ಟು ಜನರನ್ನು ಗೈರು ಮಾಡೋಣ ಎಂದುಕೊಂಡೆ. ಯಾರನ್ನೆಂದು ಮಾಡಲಿ? ಒಬ್ಬರಿಗೆ ಅನ್ಯಾಯವಾಗಬಾರದೆಂದು ಮೂರಕ್ಕೊಬ್ಬರಂತೆ ಹಂಚಿದೆ. ನೀನು ಕೋಡಿನಲ್ಲಿ ಹುಡುಕಿದ ಲೂಪು ಈ ಕುರ್ಚಿಯಲ್ಲಿ ಕೂತಿತ್ತು.

ನಿನ್ನೆ ನಿನ್ನ ಪತ್ರ ಓದಿದೆ. 'ಮಾಹಿತಿ ನಮ್ಮ ಮಾವ ಕೊಟ್ಟದ್ದು, ಹಾಗಾಗಿ ನಾನೇ' ಎಂಬ ಸಾಲು. ಎರಡನೇ ಸಲ ಓದಲಾಗಲಿಲ್ಲ. ಕೂಡಲೇ ನಿಮ್ಮ ಆಫೀಸಿಗೆ ಫೋನ್ ಮಾಡಿ ಸ್ಪೀಡ್‌ಬ್ರೇಕರ್ ಬೇಕು ಎಂದುಬಿಟ್ಟೆ. ಪುಣ್ಯಕ್ಕೆ ಫೋನ್ ಎತ್ತಿದವರಿಗೂ ಆ ಹೆಸರು ಗೊತ್ತಿತ್ತು. ಮೇಡಂ ಲೈನಿಗೆ ಬಂದರು. ನಾನು, ದಾಖಲೆಗಳು ಸ್ವಲ್ಪ ಏರುಪೇರಾಗಿವೆ ಎಂದೆ. "ಯಾಕೆ?" ಎಂದರು. ಕೌಂಟರಿನಲ್ಲಿ ಗೊಂದಲ ಎಂದೆ. "ಯಾಕೆ?" ಎಂದರು. ಮೂರನೆಯ 'ಯಾಕೆ'ಗೆ ನೀನು ಹೇಳಿದಂತೆಯೇ ಆಯಿತು. ಎಲ್ಲವನ್ನೂ ಹೇಳಿಬಿಟ್ಟೆ, ಹೆಡ್‌ಮಾಸ್ಟರ್ ಸಮೇತ.

ಅವರು ಬಹಳ ಹೊತ್ತು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅವಳ ಕೋಡ್ ಸರಿ ಇದೆ ಅಂತ ನನಗೆ ಹೋದ ವಾರವೇ ಗೊತ್ತಿತ್ತು. ಅವಳಿಗೇ ಗೊತ್ತಾಗಲಿ ಅಂತ ಕಾದೆ. ಎಲ್ಲಾ ಕಡೆ ಹುಡುಕಿದಳು ಡಾಕ್ಟರೇ, ನಿಮ್ಮೊಬ್ಬರನ್ನ ಬಿಟ್ಟು" ಎಂದರು. ಮರಗಟ್ಟಿಸುವ ಮದ್ದಿಲ್ಲದೆ ಹಲ್ಲು ಕಿತ್ತಂತಾಯಿತು. ನಿನ್ನ ಹೆಸರನ್ನು ಅವರು ತೆಗೆದಿಲ್ಲ. ಶುಕ್ರವಾರ ನೀನು ನಿಂತು, ನನ್ನ ಸರದಿ ಒಂದು ಸುಳ್ಳನ್ನು ಬಯಲು ಮಾಡಿತು, ಹೀಗೆ ಮಾಡಿತು ಎಂದು ಆ ಮೂರರ ಲೆಕ್ಕ ತೋರಿಸಿದರೆ ಸಾಕಂತೆ. ಈ ಪತ್ರವನ್ನು ಬೇಕಾದರೆ ಅಲ್ಲಿ ಓದು. ಗೇಮಿನವನೂ ಕೇಳಲಿ. ನಿನ್ನಮ್ಮನಿಗೆ ರಾತ್ರಿಯೇ ಹೇಳಿದೆ. ಬೈಯುತ್ತಾಳೆಂದು ಕಾದೆ. "ವರ್ಷದಿಂದ ಒಬ್ಬನೇ ಕೂತಿದ್ದೀಯಾ ಅಣ್ಣ?" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಫೋನ್ ಇಡುವ ಮೊದಲು ಮೇಡಂ ಒಂದು ಕೇಳಿದರು: "ತೋರಿಸೋಕೆ ಒಂದೇ ಒಂದು ನಿಜವಾದ ಸಾಲು ಕೊಡಿ, ಡಾಕ್ಟರೇ. ಒಬ್ಬ ನಿಜವಾದ ರೋಗಿ, ನಿಜವಾದ ಅಪಾಯಿಂಟ್‌ಮೆಂಟ್."

ರಾತ್ರಿಯೆಲ್ಲ ಹೊರಳಾಡಿ ಯೋಚಿಸಿದೆ. ರೋಗಿ ಒಬ್ಬನಿದ್ದಾನೆ. ಕೆಳಗಿನ ದವಡೆಯ ಕೊನೆಯ ಹಲ್ಲು, ಎಡಗಡೆ, ತಿಂಗಳಿಂದ ನೋವು. ತನ್ನ ಹಲ್ಲನ್ನು ತಾನೇ ಕೊರೆದುಕೊಳ್ಳುವ ವಿದ್ಯೆ ನಮ್ಮ ಕಾಲೇಜಿನಲ್ಲಿ ಕಲಿಸಲಿಲ್ಲ. ಬೆಳಗ್ಗೆ ಎದುರಿನ ಕ್ಲಿನಿಕ್ಕಿಗೇ ಫೋನ್ ಮಾಡಿ ಹನ್ನೊಂದು ಗಂಟೆಗೆ ಸಮಯ ತೆಗೆದುಕೊಂಡೆ. ಸರದಿಯಲ್ಲಿ ನಾನೇ ದಾಖಲಿಸಿದೆ, ನಂಬರ್ ಒಂದು. ಸಿಸ್ಟರ್‌ಗೆ, "ನಾನು ಒಳಗೆ ಹೋದದ್ದು ನೋಡಿ ಬಟನ್ ಒತ್ತಿ" ಎಂದೆ. ಅವರು ಹೆಣಿಗೆ ಕೆಳಗಿಟ್ಟು ಕಿಟಕಿಗೆ ಬಂದು ನಿಂತರು.

ತಲೆ ಬಾಚಿಕೊಂಡು ಹೊರಟೆ. ರಸ್ತೆ ದಾಟಿದೆ. ಗಾಜಿನ ಬಾಗಿಲ ಮೇಲೆ ಕೈಯಿಟ್ಟೆ. ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳಿಸಿತು, ನಾನೇ ಇಷ್ಟು ವರ್ಷ ಊರಿಗೆಲ್ಲ ಕೇಳಿಸಿದ ಅದೇ ಸದ್ದು. ಮೊದಲ ಸಲ ಅದನ್ನು ಬಾಗಿಲಿನ ಈ ಕಡೆಯಿಂದ ಕೇಳಿದೆ. ಬಾಗಿಲ ಮೇಲಿಟ್ಟ ಕೈ ಹಿಂದಕ್ಕೆ ತೆಗೆದೆ. ಮೀನು ನನ್ನನ್ನು ನೋಡಿತು, ನಾನು ಮೀನನ್ನು ನೋಡಿದೆ. ನಾನು ರಸ್ತೆಯ ಈ ಕಡೆಗೆ ಓಡಿ ಬರುವಷ್ಟರಲ್ಲಿ ಸಿಸ್ಟರ್ ಬಟನ್ ಒತ್ತಿಯಾಗಿತ್ತು: ಬರಲಿಲ್ಲ.